ಬೇಸ್ ಗಿಟಾರ್ ತಗೊಳ್ಳೋಕೆ ಹೊರಟಿದ್ದೀರಾ? ದೊಡ್ಡ ಆಂಪ್ಲಿಫೈಯರ್ ಕೊನೆಗಿರಲಿ

ಇಯರ್‌ಫೋನ್ ಇದ್ರೆ ಹಾಕ್ಕೊಳ್ರಿ. ಇವತ್ತು ಮಾತಾಡ್ತಿರೋದು ಮೊಬೈಲ್ ಸ್ಪೀಕರ್‌ನಲ್ಲಿ ಅರ್ಧಕ್ಕರ್ಧ ಕೇಳಿಸದೇ ಹೋಗೋ ಒಂದು ವಾದ್ಯದ ಬಗ್ಗೆ. ಬೇಸ್ ಗಿಟಾರ್.

ಹೋದ ವಾರ ಅಫಜಲಪುರ ತಾಲ್ಲೂಕಿನ ಒಂದು ಊರಿಂದ ಒಬ್ಬ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದ. ಡಿಗ್ರಿ ಎರಡನೇ ವರ್ಷ ಓದ್ತಾನೆ. ಅವನ ಮಾತು ಹೆಚ್ಚೂಕಡಿಮೆ ಹಿಂಗಿತ್ತು: “ಅಣ್ಣಾ, ನಮ್ಮ ಆರ್ಕೆಸ್ಟ್ರಾದಾಗ ಬೇಸ್ ಬಾರ್ಸೋರು ಯಾರೂ ಇಲ್ಲ. ನಾ ಗೆಳೆಯಂದು ಗಿಟಾರ್ ಮ್ಯಾಲ ಕಲ್ತೀನಿ. ನನ್ನ ಕಡೆ 15 ಸಾವಿರ ಅದಾವ. ಆಂಪ್ಲಿಫೈಯರ್ ದೊಡ್ಡದೇ ಬೇಕು ಅಂತಾರ ಎಲ್ಲಾರೂ. ಅವ್ವ ತನ್ನ ಬೋರಮಾಳ ಅಡಾ ಇಟ್ಟು ಇನ್ನೊಂದು 30 ಸಾವಿರ ಕೊಡಸ್ತೀನಿ ಅಂದಾಳ. ಯಾವ ಆಂಪ್ಲಿಫೈಯರ್ ತಗೊಳ್ಳಿ, ಹೇಳು.”

ಉತ್ತರ ಬರೆಯೋಕೆ ಕೂತೆ, ಮೂರು ಸಲ ಬರೆದು ಅಳಿಸಿದೆ. ಯಾಕಂದ್ರೆ ಇದೇ ತಪ್ಪನ್ನ ನಾನು ಮಾಡಿದ್ದೀನಿ. ನಮ್ಮವ್ವನ ಒಡವೆ ಅಲ್ಲ, ಕಾಕಾನ ಹತ್ತಿರ ಸಾಲ. ಅದಕ್ಕೇ ಒಂದು ಪೂರ್ತಿ ಎಪಿಸೋಡ್ ಮಾಡ್ತಿದ್ದೀನಿ. ತಮ್ಮಾ, ಇದು ನಿನಗೇ.

ನಾನು ಆಳಂದದವನು, ಬಿಕಾಂ ಓದಿದ್ದು ಕಲಬುರಗಿಯಲ್ಲಿ. ಮೂರನೇ ವರ್ಷದಲ್ಲಿದ್ದಾಗ ಒಂದು ಬೇಸ್ ಆಂಪ್ ತಗೊಂಡೆ. ಹದಿನೈದು ಇಂಚಿನ ಸ್ಪೀಕರ್, ಒಂದೇ ಡಬ್ಬಿಯಲ್ಲಿ ಎಲ್ಲಾ. ಒಬ್ಬನೇ ಎತ್ತಿದ್ರೆ ಸೊಂಟ ಹಿಡೀತಿತ್ತು. ಮೊದಲನೇ ಶೋಗೆ ಬಸ್ಸಿನಲ್ಲಿ ಒಯ್ದೆ. ಕಂಡಕ್ಟರ್ ಅದನ್ನ ಒಮ್ಮೆ, ನನ್ನನ್ನ ಒಮ್ಮೆ ನೋಡಿ ಲಗೇಜ್ ಟಿಕೆಟ್ ಹರಿದರು. ಸ್ಟೇಜ್ ಹತ್ತಿರ ಹೋದ್ರೆ ಸೌಂಡ್‌ನವರು ಕೇಳಿದ್ದು: “ಏನ್ ತಮ್ಮಾ, ಫ್ರಿಜ್ ತಂದೀಯೇನು? ಇದು ಬ್ಯಾಡ. ನಿಂದು ವಾಯರ್ ಕೊಡು, ನಾ ಮಿಕ್ಸರಿಗೆ ಹಚ್ತೀನಿ.”

ಅವರು ಹೇಳಿದ್ದು ಸರಿ ಇತ್ತು. ಅವರ ಹತ್ತಿರ ಹದಿನೆಂಟು ಇಂಚಿನ ಬೇಸ್ ಡಬ್ಬಿಗಳು ಸಾಲಾಗಿ ನಿಂತಿದ್ವು, ಸಾವಿರಾರು ವ್ಯಾಟ್. ನನ್ನದು 100 ವ್ಯಾಟ್. ಇಲ್ಲೊಂದು ಲೆಕ್ಕ ಇದೆ. ವ್ಯಾಟ್ ದುಪ್ಪಟ್ಟಾದ್ರೆ ಸದ್ದು ದುಪ್ಪಟ್ಟಾಗೋದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತೆ. ಕಿವಿಗೆ ‘ಎರಡರಷ್ಟಾಯ್ತು’ ಅನ್ನಿಸಬೇಕಂದ್ರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಬಯಲಿನ ಜಾತ್ರೆ ಸ್ಟೇಜ್‌ನಲ್ಲಿ ನನ್ನ ಆಂಪ್ ಎರಡನೇ ಸಾಲಿಗೂ ಮುಟ್ಟಲ್ಲ. ಆಮೇಲಿನ ಒಂದೂವರೆ ವರ್ಷದಲ್ಲಿ ಅದನ್ನ ಶೋಗೆ ಒಯ್ದಿದ್ದು ಆರು ಸಲ. ಒಂದು ಶೋಗೆ ಸಿಗ್ತಿದ್ದದ್ದು 800 ರೂಪಾಯಿ. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಕಾಮರ್ಸ್ ಓದಿದವನು ಮಾಡೋ ಕೆಲಸ ಅಲ್ಲ ಅದು.

ಆದ್ರೆ ನಾನು ಅದನ್ನ ಮಾರಿದ್ದು ದುಡ್ಡಿನ ಲೆಕ್ಕಕ್ಕಲ್ಲ. ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ನಡೆದದ್ದಕ್ಕೆ.

ರಾತ್ರಿ ಹತ್ತರ ಸುಮಾರು. ಸಂಜೆ ಎರಡು ಹನಿ ಮಳೆ ಬಿದ್ದು ನೆಲ ಹಸಿ ಇತ್ತು. ಮಿಕ್ಸರ್, ಮೈಕು ಎಲ್ಲಾ ಜನರೇಟರ್ ಮೇಲೆ. ಅಲ್ಲಿ ಪಾಯಿಂಟ್ ಖಾಲಿ ಇಲ್ಲ ಅಂತ ನನ್ನ ಆಂಪ್‌ಗೆ ಪಕ್ಕದ ಮನೆಯಿಂದ ಒಂದು ವಾಯರ್ ಎಳೆದರು. ಎರಡೇ ಎಳೆ ವಾಯರ್, ಅರ್ಥಿಂಗ್ ಇಲ್ಲ. ಹಾಡಿನ ಮಧ್ಯೆ ಕೋರಸ್ ಕೊಡೋಕೆ ಮೈಕಿಗೆ ಬಾಯಿ ಹಚ್ಚಿದೆ. ಎಡಗೈ ತಂತಿ ಮೇಲಿತ್ತು. ತುಟಿಗೆ ಬಡಿದದ್ದು ಗೊತ್ತಾಯ್ತು, ಆಮೇಲೆ ಕೈ ನನ್ನ ಮಾತು ಕೇಳ್ಲಿಲ್ಲ. ಕುತ್ತಿಗೆಯಿಂದ ಮೊಣಕೈವರೆಗೆ ಬಿಗಿ. ನಮ್ಮ ಪ್ಯಾಡ್ ಬಾರಿಸೋ ಹುಡುಗ ನನ್ನನ್ನ ಮುಟ್ಟಲಿಲ್ಲ, ಓಡಿ ಹೋಗಿ ಪ್ಲಗ್ ಕಿತ್ತ. ಅವನಪ್ಪ ಲೈನ್‌ಮ್ಯಾನ್, ಅದಕ್ಕೇ ಅವನಿಗೆ ಗೊತ್ತಿತ್ತು. ಬೇರೆಯವರಾಗಿದ್ರೆ ನನ್ನನ್ನ ಹಿಡಿದು ಎಳೀತಿದ್ರು, ಅವರಿಗೂ ಹೊಡೀತಿತ್ತು. ಜನ ಮಾತ್ರ ನಾನು ಕುಣೀತಿದ್ದೀನಿ ಅಂತ ಸಿಳ್ಳೆ ಹಾಕಿದ್ರು.

ಆಗಿದ್ದೇನು ಅಂದ್ರೆ: ಎಲೆಕ್ಟ್ರಿಕ್ ಗಿಟಾರ್‌ನ ತಂತಿ, ಕೇಬಲ್‌ನ ಹೊರಗಿನ ಜಾಳಿಗೆ, ಆಂಪ್‌ನ ಕಬ್ಬಿಣದ ಚಾಸಿ, ಇವೆಲ್ಲಾ ಒಂದಕ್ಕೊಂದು ಜೋಡಿಸಿರ್ತಾವೆ. ಆಂಪ್ ಒಳಗೆ ಕರೆಂಟ್ ಸೋರಿದ್ರೆ ಅದು ಅರ್ಥ್ ಪಿನ್‌ನಿಂದ ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಾಗ ಅದು ತಂತಿ ಮೇಲೆ ಬಂದು ಕಾಯ್ತಾ ಇರುತ್ತೆ. ಮೈಕಿನ ಜಾಲರಿ ಮಿಕ್ಸರ್ ಮೂಲಕ ಬೇರೆ ಕಡೆ ಜೋಡಿಸಿದೆ. ಎರಡರ ನಡುವೆ ಸೇತುವೆ ಆಗೋದು ನಿಮ್ಮ ತುಟಿ ಮತ್ತು ಕೈ. ನಡುವೆ ಇರೋದು ಎದೆ.

ಹಾಗಾಗಿ ನಮ್ಮ ಕಡೆ ಬೇಸ್ ಬಾರಿಸೋರ ಮೊದಲ ಖರೀದಿ ಒಂದು ಡಿಐ ಬಾಕ್ಸ್ ಆಗಿರಬೇಕು ಅಂತೀನಿ ನಾನು. ಡೈರೆಕ್ಟ್ ಇಂಜೆಕ್ಷನ್ ಅಂತಾರೆ. ಅಂಗೈಯಷ್ಟು ಡಬ್ಬಿ. ಗಿಟಾರ್‌ನ ಪಿಕಪ್‌ನಿಂದ ಬರೋ ಸಿಗ್ನಲ್ ಬಹಳ ಸೂಕ್ಷ್ಮ, ಹೈ ಇಂಪೀಡೆನ್ಸ್. ಅದನ್ನ ಸೀದಾ ಮಿಕ್ಸರ್‌ಗೆ ಉದ್ದ ವಾಯರ್‌ನಲ್ಲಿ ಎಳೆದ್ರೆ ಸದ್ದು ಮಂಕಾಗುತ್ತೆ, ಗುಂಯ್ ಅನ್ನೋ ಹಮ್ ಸೇರ್ಕೊಳ್ಳುತ್ತೆ. ಡಿಐ ಅದನ್ನ ಮೈಕ್ ಕೇಬಲ್‌ನಲ್ಲಿ ಹೋಗೋ ಬ್ಯಾಲೆನ್ಸ್ಡ್ ಸಿಗ್ನಲ್ ಮಾಡಿ ಕೊಡುತ್ತೆ. ಐವತ್ತು ಮೀಟರ್ ದೂರದ ಮಿಕ್ಸರ್‌ಗೂ ಸ್ವಚ್ಛ ಹೋಗುತ್ತೆ. ಅದಕ್ಕಿಂತ ದೊಡ್ಡ ಮಾತು: ನಿಮ್ಮದೇ ಬೇರೆ ಪ್ಲಗ್ ಇಲ್ಲ. ತಂತಿಯೂ ಮೈಕೂ ಒಂದೇ ಮಿಕ್ಸರ್‌ಗೆ ಸೇರಿರೋದ್ರಿಂದ ಎರಡರ ನಡುವೆ ನನಗಾದಂಥ ಜಗಳ ಆಗೋ ಸಾಧ್ಯತೆ ಬಹಳ ಕಮ್ಮಿ. ಆದ್ರೂ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡ್ರಿ. ಮಿಕ್ಸರ್‌ನ ಅರ್ಥಿಂಗೇ ಕೆಟ್ಟಿದ್ರೆ ಕಾಲಿನಿಂದಲೂ ಹೊಡೀಬಹುದು.

ಡಿಐ ತಗೊಳ್ಳುವಾಗ ಎರಡು ನೋಡ್ರಿ. ಒಂದು, ಆಕ್ಟಿವ್ ಡಿಐಗೆ ಕರೆಂಟ್ ಬೇಕು. ಹೊಸ ಮಿಕ್ಸರ್‌ಗಳು 48 ವೋಲ್ಟ್ ಫ್ಯಾಂಟಮ್ ಪವರ್ ಮೈಕ್ ಕೇಬಲ್‌ನಲ್ಲೇ ಕಳಿಸ್ತಾವೆ. ನಮ್ಮ ಹಳ್ಳಿಗಳಲ್ಲಿ ಸಿಗೋ ಹಳೇ ಮಿಕ್ಸರ್‌ಗಳಲ್ಲಿ ಅದು ಇರ್ತದೆ ಅಂತ ನಂಬಂಗಿಲ್ಲ. ಅದಕ್ಕೆ 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯೋ ಡಿಐ ತಗೊಳ್ರಿ. ಎರಡು, ಗ್ರೌಂಡ್ ಲಿಫ್ಟ್ ಅನ್ನೋ ಸಣ್ಣ ಸ್ವಿಚ್ ಇರ್ಬೇಕು. ಹಮ್ ಬಂದ್ರೆ ಅದನ್ನ ಒತ್ತಬೇಕು. ಅದು ಸಿಗ್ನಲ್ ಕೇಬಲ್‌ನ ನೆಲದ ಎಳೆಯನ್ನ ಮಾತ್ರ ಬಿಡಿಸುತ್ತೆ, ಕರೆಂಟ್‌ನ ಅರ್ಥ್ ಅಲ್ಲ. ಹಮ್ ಹೋಗ್ಲಿ ಅಂತ ಥ್ರೀ ಪಿನ್ ಪ್ಲಗ್‌ನ ದಪ್ಪ ಪಿನ್ ಮುರಿಯೋರನ್ನ ನಾನು ಕಣ್ಣಾರೆ ನೋಡಿದ್ದೀನಿ. ಹಾಗೆ ಮಾಡೋರ ಜೊತೆ ಸ್ಟೇಜ್ ಹತ್ತಬೇಡ್ರಿ.

ಇದರ ಜೊತೆ ಎಲೆಕ್ಟ್ರಿಕಲ್ ಅಂಗಡಿಯಿಂದ ಒಂದು ಮಲ್ಟಿಮೀಟರ್. ಗಿಟಾರ್ ತಂತಿಯ ಸೆಟ್‌ಗಿಂತ ಅಗ್ಗದ್ದು ಸಿಗುತ್ತೆ. ಸೌಂಡ್ ಚೆಕ್‌ಗೆ ಮುಂಚೆ ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್‌ನ ಬ್ರಿಡ್ಜ್‌ಗೆ. ಕಡ್ಡಿಯ ಪ್ಲಾಸ್ಟಿಕ್ ಮಾತ್ರ ಹಿಡೀರಿ. ಒಂದೆರಡು ವೋಲ್ಟ್ ತೋರಿಸಿದ್ರೆ ನಡೀತದೆ. ಹತ್ತಾರು ತೋರಿಸಿದ್ರೆ ಎಲೆಕ್ಟ್ರಿಷಿಯನ್‌ನ ಕರೀರಿ, ಅಲ್ಲಿವರೆಗೆ ಮುಟ್ಟಬೇಡ್ರಿ. ಜೇಬಿನಲ್ಲಿಡೋ ಲೈಟ್ ಟೆಸ್ಟರ್ ಇದ್ರೆ ಸಾಲದಾ ಅಂತ ಕೇಳ್ತಾರೆ. ಅದು ಉರಿದ್ರೆ ಅಪಾಯ ಅಂತ ತಿಳೀಬೇಕು, ಉರಿಯದಿದ್ರೆ ಅಪಾಯ ಇಲ್ಲ ಅಂತ ತಿಳೀಬಾರದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿದ ಬೋರ್ಡ್ ಇದ್ರೆ ಇನ್ನೂ ಚಲೋ. ಆದ್ರೆ ಜನರೇಟರ್‌ಗೆ ಅರ್ಥಿಂಗ್ ಸರಿ ಕಟ್ಟದಿದ್ರೆ ಅದೂ ಟ್ರಿಪ್ ಆಗದೇ ಇರಬಹುದು. ಮೀಟರ್ ಬಿಡೋ ಹಂಗಿಲ್ಲ.

ಈಗ ಗಿಟಾರ್‌ಗೆ ಬರ್ತೀನಿ.

ನಮ್ಮೂರಲ್ಲಿ ‘ಬೇಸ್’ ಅಂದ್ರೆ ಡಿಜೆ ಡಬ್ಬಿ ಅಂತಲೇ ಅರ್ಥ. ನಾನು ಬೇಸ್ ಬಾರಿಸ್ತೀನಿ ಅಂದಾಗ ಸೋದರಮಾವ “ಎಷ್ಟು ಡಬ್ಬಿ ಅದಾವ?” ಅಂತ ಕೇಳಿದ್ದ. ಅದಕ್ಕೆ ಎರಡು ಮಾತು ಇತಿಹಾಸ. ಮೊದಲು ಆಳೆತ್ತರದ ಡಬಲ್ ಬೇಸ್ ಇತ್ತು, ಪಿಟೀಲಿನ ದೊಡ್ಡಣ್ಣ. ಅದನ್ನ ಊರೂರು ಹೊರೋದು ದೊಡ್ಡ ತಾಪತ್ರಯ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಅಂತ ಮಾರುಕಟ್ಟೆಗೆ ತಂದರು. ಹೆಗಲಿಗೆ ಹಾಕ್ಕೊಂಡು ಹೋಗಬಹುದು, ಫ್ರೆಟ್ ಇರೋದ್ರಿಂದ ಸ್ವರ ತಪ್ಪಲ್ಲ. ಬಸ್ಸಿನಲ್ಲಿ ಓಡಾಡೋ ನಮ್ಮಂಥವರಿಗೆ ಹೇಳಿ ಮಾಡಿಸಿದಂಗೆ.

ಅಂಗಡಿಗೆ ಹೋದ್ರೆ ಎರಡು ಬಗೆ ತೋರಿಸ್ತಾರೆ, ಪಿ ಮತ್ತು ಜೆ. ಪಿ ಅಂದ್ರೆ ಆ ಪ್ರಿಸಿಷನ್, ಜೆ ಅಂದ್ರೆ 1960ರಲ್ಲಿ ಬಂದ ಜಾಝ್ ಬೇಸ್. ಯೂಟ್ಯೂಬ್‌ನಲ್ಲಿ ಯಾವುದರ ಸದ್ದು ಚಂದ ಅಂತ ಗಂಟೆಗಟ್ಟಲೆ ಜಗಳ ನಡೀತದೆ. ನಮ್ಮ ಸ್ಟೇಜ್‌ಗೆ ಪ್ರಶ್ನೆ ಬೇರೆ. ಎಲ್‌ಇಡಿ ಲೈಟು, ಡಿಮ್ಮರ್, ಜನರೇಟರ್, ಎಲ್ಲಾ ಹತ್ತು ಅಡಿಯೊಳಗೇ ಇರ್ತಾವೆ. ಜೆ ಬೇಸ್‌ನ ಎರಡು ಪಿಕಪ್ ಪೂರ್ತಿ ತೆರೆದಾಗ ಹಮ್ ಒಂದನ್ನೊಂದು ಕಳೀತದೆ. ಒಂದನ್ನ ಇಳಿಸಿದ್ರೆ ಗುಂಯ್ ಶುರು. ಪಿ ಬೇಸ್‌ನ ಪಿಕಪ್ 1957ರಿಂದ ಎರಡು ತುಂಡಾಗಿ ಬರ್ತದೆ, ಹಮ್ ತಾನೇ ಕಳೀತದೆ. ಹಾಗಾಗಿ ಪಿ ಅಥವಾ ಪಿಜೆ ತಗೊಳ್ರಿ ಅಂತೀನಿ. ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡ್ರಿ. ಸ್ಕ್ವಾಯರ್, ಯಮಹಾ, ಐಬನೇಜ್, ಕಾರ್ಟ್, ಯಾವುದೇ ಇರಲಿ, ನೆಕ್ ಸರಿ ಇದ್ರೆ ಆಯ್ತು.

ನಾಲ್ಕು ತಂತಿಯಾ, ಐದು ತಂತಿಯಾ? ನಮ್ಮ ಕಡೆಗೆ ಇದು ಖರೇ ಯೋಚನೆ ಮಾಡೋ ವಿಷಯ. ಭಜನೆ, ತತ್ವಪದ, ಕವ್ವಾಲಿ ಹಾಡೋರು ಶ್ರುತಿ ಹೇಳೋದು ಹಾರ್ಮೋನಿಯಂ ಲೆಕ್ಕದಲ್ಲಿ: ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು. ಕಡಕೋಳ ಮಡಿವಾಳಪ್ಪನವರ ಪದ ಹಾಡೋರ ಜೊತೆ ನಾನು ಬಾರಿಸಿದಾಗಲೆಲ್ಲಾ ಕರಿ ಎರಡು, ಅಂದ್ರೆ ಡಿ ಶಾರ್ಪ್. ನಾಲ್ಕು ತಂತಿ ಬೇಸ್‌ನ ಅತಿ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಸ್. ಡಿ ಶಾರ್ಪ್ ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗೆ. ಅಂದ್ರೆ ಗಾಯಕರ ಷಡ್ಜದ ಆ ಕೆಳಗಿನ ಸ್ವರವೇ ನಿಮ್ಮ ಗಿಟಾರ್‌ನಲ್ಲಿಲ್ಲ! ಐದು ತಂತಿಯದಾದ್ರೆ ಕೆಳಗಿನ ಬಿ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಸಿಗುತ್ತೆ. ಕರಿ ಒಂದಾದ್ರೆ ಎರಡನೇ ಫ್ರೆಟ್.

ಹಂಗಂತ ಎಲ್ಲರೂ ಐದು ತಂತಿ ತಗೊಳ್ರಿ ಅನ್ನಲ್ಲ. ಅಗ್ಗದ ಐದು ತಂತಿ ಬೇಸ್‌ಗಳಲ್ಲಿ ಆ ಬಿ ತಂತಿ ಸಡಿಲ ಸಡಿಲ, ಮಣ್ಣಿನ ಮೇಲೆ ನಡೆದಂಗೆ ಇರ್ತದೆ. ನಾನು ಮಾಡೋದು ಇಷ್ಟೇ: ನಾಲ್ಕು ತಂತಿಯದನ್ನೇ ಎಲ್ಲಾ ಅರ್ಧ ಮೆಟ್ಟಿಲು ಇಳಿಸಿ ಕಟ್ಟೋದು. ಆಗ ಕರಿ ಎರಡು ಖಾಲಿ ತಂತಿಯಲ್ಲೇ ಬರ್ತದೆ. 45ರಿಂದ 105ರ ಸಾಮಾನ್ಯ ಸೆಟ್ ಇದಕ್ಕೆ ಸಾಕಾಗ್ತದೆ, ಸ್ವಲ್ಪ ಮೆತ್ತಗಾಗ್ತದೆ ಅಷ್ಟೇ. ಫಿಲ್ಮಿ ಹಾಡಿಗೆ ಬೆರಳು ಒಂದು ಫ್ರೆಟ್ ಮೇಲೆ ಸರಿಸೋದು ರೂಢಿ ಆಗೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಹಳೇದು ತಗೊಳ್ಳುವಾಗ ಏನು ನೋಡ್ಬೇಕು? ಸೊಲ್ಲಾಪುರಕ್ಕೋ ಹೈದರಾಬಾದ್‌ಗೋ ಹೋಗಿ ನೋಡಿ ತಗೊಳ್ರಿ, ಫೋಟೋ ನೋಡಿ ದುಡ್ಡು ಕಳಿಸಬೇಡ್ರಿ. ಗಿಟಾರ್‌ನ ಬಂದೂಕಿನ ಹಾಗೆ ಹಿಡಿದು ನೆಕ್ ಉದ್ದಕ್ಕೂ ನೋಡ್ರಿ. ಸ್ವಲ್ಪ ಬಾಗಿದ್ರೆ ಟ್ರಸ್ ರಾಡ್‌ನಿಂದ ಸರಿ ಆಗ್ತದೆ, ತಿರುಚಿದ್ರೆ ಆಗಲ್ಲ, ಬಿಟ್ಟು ಬನ್ರಿ. ಟ್ರಸ್ ರಾಡ್ ತಿರುಗ್ತದೋ ಇಲ್ಲೋ ಅಂಗಡಿಯವರಿಂದಲೇ ತಿರುಗಿಸಿ ತೋರಿಸೋಕೆ ಹೇಳ್ರಿ. ಹನ್ನೆರಡನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ ಒಮ್ಮೆ, ಒತ್ತಿ ಒಮ್ಮೆ ಬಾರಿಸಿ ಟ್ಯೂನರ್‌ನಲ್ಲಿ ನೋಡ್ರಿ, ಎರಡೂ ಒಂದೇ ಇರ್ಬೇಕು. ನಾಲ್ಕೂ ತಂತಿ, ಎಲ್ಲಾ ಫ್ರೆಟ್ ಒಂದೊಂದಾಗಿ ಬಾರಿಸ್ರಿ. ಅಂಗಡಿಯವರು ಗೊಣಗಿದ್ರೆ ಗೊಣಗಲಿ. ಆಮೇಲೆ ಸೆಟಪ್‌ಗೆ ಅಂತ ದುಡ್ಡು ತೆಗೆದಿಡ್ರಿ. ಸರಿಯಾಗಿ ಸೆಟಪ್ ಮಾಡಿದ ಅಗ್ಗದ ಬೇಸ್, ಮಾಡದ ತುಟ್ಟಿ ಬೇಸ್‌ಗಿಂತ ಚಲೋ ನುಡೀತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟ್ತದೆ, ಗಿಟಾರ್‌ನ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮದುವೆ ಊಟಕ್ಕೆ ಹೋಗಬೇಡ್ರಿ.

ಆಕ್ಟಿವ್ ಬೇಸ್ ಆದ್ರೆ ಹಿಂದೆ 9 ವೋಲ್ಟ್ ಬ್ಯಾಟರಿ ಇರ್ತದೆ. ಕೇಬಲ್ ಚುಚ್ಚಿದ ಕೂಡಲೇ ಅದು ಆನ್. ಕೇಬಲ್ ಚುಚ್ಚಿಟ್ಟು ಮಲಗಿದ್ರೆ ಬ್ಯಾಟರಿ ಸುಮ್ಮನೆ ಖರ್ಚಾಗ್ತಿರ್ತದೆ. ದತ್ತ ಜಯಂತಿಯ ಹೊತ್ತಿನಲ್ಲಿ ದೇವಲ ಗಾಣಗಾಪುರದ ಹತ್ತಿರ ಒಂದು ಕಾರ್ಯಕ್ರಮಕ್ಕೆ ಹೋಗಿ, ಹೊಗೆ ಅಲಾರಂಗೆ ಹಾಕೋ ಆ ಚೌಕು ಬ್ಯಾಟರಿಗೆ ಇಡೀ ಬಜಾರ್ ತಿರುಗಿದ್ದೀನಿ. ಪೇಢಾ ಸಿಕ್ಕಿತು, ಬ್ಯಾಟರಿ ಸಿಗಲಿಲ್ಲ.

ಹಂಗಾದ್ರೆ ಆಂಪ್ಲಿಫೈಯರ್ ಬೇಡವೇ ಬೇಡವಾ? ಮನೆಯಲ್ಲಿ ರಿಯಾಜ್‌ಗೆ ಹೆಡ್‌ಫೋನ್ ಹಾಕೋ ಸಣ್ಣದೊಂದು ಸಾಕು. ಸೌಂಡ್ ಸಿಸ್ಟಂನಲ್ಲಿ ಬೇಸ್ ಡಬ್ಬಿ ಇಲ್ಲದ ಕಡೆ, ಅಂದ್ರೆ ಚರ್ಚ್ ಹಾಲ್, ಕಾಲೇಜು ಹಾಲ್, ಅಲ್ಲಿ ಡ್ರಮ್ಸ್ ಜೊತೆ ನಿಲ್ಲೋಕೆ 200–300 ವ್ಯಾಟ್ ಬೇಕಾಗ್ತದೆ. ಆ ದಿನ ಬಂದಾಗ ಕ್ಲಾಸ್ ಡಿ ತಗೊಳ್ರಿ, ಹಗುರ ಇರ್ತದೆ. ಒಂದು ಎಚ್ಚರಿಕೆ: 8 ಓಮ್‌ನ ಎರಡು ಕ್ಯಾಬಿನೆಟ್ ಒಟ್ಟಿಗೆ ಹಚ್ಚಿದ್ರೆ 4 ಓಮ್ ಆಗ್ತದೆ. ಆಂಪ್ ಹಿಂದೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿರ್ತದೆ, ಅದಕ್ಕಿಂತ ಕೆಳಗೆ ಹೋದ್ರೆ ಆಂಪ್ ಸುಡ್ತದೆ. ಗಿಟಾರ್ ಕೇಬಲ್ಲನ್ನ ಸ್ಪೀಕರ್‌ಗೆ ಹಚ್ಚಬಾರದು. ನೋಡೋಕೆ ಒಂದೇ ತರ, ಒಳಗೆ ಬೇರೆ.

ಆಂಪ್ ಇಲ್ಲದೆ ಬಾರಿಸೋದು ಅವಮಾನ ಅನ್ನೋರಿಗೆ ಒಂದು ಮಾತು. 1960ರ ದಶಕದಲ್ಲಿ ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್‌ಸನ್ ಅನ್ನೋರು ಬಾರಿಸಿದ ಬೇಸ್‌ನ ಇವತ್ತಿಗೂ ಜಗತ್ತು ಕಲೀತಿದೆ. ಅವರು ಬಾರಿಸಿದ್ದು ಹೆಚ್ಚಾಗಿ ಒಂದೇ ಒಂದು 1962ರ ಪ್ರಿಸಿಷನ್, ಅಲ್ಲಿ ಗಿಟಾರ್ ಸಿಗ್ನಲ್ ಹೋಗ್ತಿದ್ದದ್ದು ಸೀದಾ ಕನ್ಸೋಲ್‌ಗೆ. ನಮ್ಮಲ್ಲೇ ಕೇಳ್ಬೇಕಂದ್ರೆ ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಮೊದಲ ಆಲ್ಬಂ ಕೇಳ್ರಿ. ಶಿಶುನಾಳ ಶರೀಫರ ಪದದ ಕೆಳಗೆ ಬೇಸ್ ಹೆಂಗೆ ನಡೀತದೆ ಅಂತ. ಆ ತಂಡದಲ್ಲಿ ವರ್ಷಗಟ್ಟಲೆ ಬೇಸ್ ಬಾರಿಸಿದವರು ಗೌರವ್ ವಾಜ್. ಇಯರ್‌ಫೋನ್ ಹಾಕ್ಕೊಂಡೇ ಕೇಳ್ರಿ.

ಉಳಿದ ಸಾಮಾನು ಬೇಗ ಹೇಳಿ ಮುಗಿಸ್ತೀನಿ. ಕೇಬಲ್ ಎರಡು, ಐದಾರು ಮೀಟರ್‌ನವು. ಒಂದು ಖಂಡಿತ ಕೈ ಕೊಡ್ತದೆ. ಮೊಬೈಲ್ ರಿಪೇರಿ ಅಂಗಡಿಯ ಗೆಳೆಯನ ಹತ್ತಿರ ಬೆಸುಗೆ ಹಾಕೋದು ಕಲೀರಿ. ಟ್ಯೂನರ್ ಕಾಲಲ್ಲಿ ಒತ್ತೋ ಪೆಡಲ್ ಆದ್ರೆ ಉತ್ತಮ, ಒತ್ತಿದಾಗ ಸದ್ದೂ ನಿಲ್ತದೆ. ಪಟ್ಟಿ ಅಗಲ ಇರ್ಲಿ, ಬೇಸ್ ನಾಲ್ಕು ಕೆಜಿ ತೂಗ್ತದೆ. ಪಟ್ಟಿ ಕಳಚದಂಗೆ ಪ್ಲಂಬಿಂಗ್ ಅಂಗಡಿಯ ರಬ್ಬರ್ ವಾಷರ್ ಗುಂಡಿಗೆ ಸಿಕ್ಕಿಸ್ರಿ, ಎರಡು ರೂಪಾಯಿ ಕೆಲಸ. ಸಣ್ಣ ವೈರ್‌ಲೆಸ್‌ಗಳು ಬಂದಾವೆ, ಕೇಬಲ್ಲೇ ಇಲ್ಲದ್ರಿಂದ ಶಾಕ್‌ನ ದಾರಿಯೂ ಕಡೀತದೆ. ಆದ್ರೆ 2.4 ಗಿಗಾಹರ್ಟ್ಸ್‌ನವು ಸಾವಿರ ಮೊಬೈಲ್ ನಡುವೆ ಆಗಾಗ ಬಿಕ್ಕಳಿಸ್ತಾವೆ. ಜಾತ್ರೆಯಲ್ಲಿ ಕೇಬಲ್ ಜೇಬಿನಲ್ಲಿರ್ಲಿ.

ಇನ್ನೊಂದು ದುಡ್ಡಿಲ್ಲದ ಕೆಲಸ. ಕೀಬೋರ್ಡ್ ಬಾರಿಸೋರು ಸ್ಟೈಲ್ ಹಾಕಿದಾಗ ಅದರೊಳಗೇ ಒಂದು ಬೇಸ್ ಓಡ್ತಿರ್ತದೆ. ಅದೂ ನೀವೂ ಸೇರಿದ್ರೆ ಕೆಸರು. ಬಹಳ ಕೀಬೋರ್ಡ್‌ಗಳಲ್ಲಿ ಆ ಭಾಗ ಮಾತ್ರ ಬಂದ್ ಮಾಡಬಹುದು. “ಅಣ್ಣಾರ, ಬೇಸ್ ಟ್ರ್ಯಾಕ್ ಒಂದು ತೆಗೀರಿ, ನಾ ಬಾರಸ್ತೀನಿ” ಅಂತ ಮರ್ಯಾದೆಯಿಂದ ಕೇಳ್ರಿ. ಕೆಲವರಿಗೆ ಸಿಟ್ಟು ಬರ್ತದೆ, ಇಷ್ಟು ವರ್ಷ ಅವರ ಎಡಗೈಯೇ ಬೇಸ್ ಆಗಿತ್ತಲ್ಲ.

ತಮ್ಮಾ, ನಿನ್ನ 15 ಸಾವಿರಕ್ಕೆ ನನ್ನ ಹಂಚಿಕೆ ಇದು. ಹಳೇ ಪಿ ಅಥವಾ ಪಿಜೆ ಬೇಸ್‌ಗೆ 9 ಸಾವಿರ, ಒಂಬತ್ತು ದಾಟಿದ್ರೆ ಇನ್ನೊಂದು ತಿಂಗಳು ಹುಡುಕು. ಸೆಟಪ್ ಮತ್ತು ಹೊಸ ತಂತಿಗೆ ಎರಡೂವರೆ. ಡಿಐಗೆ ಎರಡು. ಕೇಬಲ್, ಮೀಟರ್, ವಾಷರ್, ಬ್ಯಾಟರಿ ಸೇರಿ ಒಂದೂವರೆ. ಟ್ಯೂನರ್ ಸದ್ಯಕ್ಕೆ ಮೊಬೈಲ್ ಆ್ಯಪ್‌ನಲ್ಲೇ ನಡೀಲಿ. ಬೋರಮಾಳ ಅಡಾ ಇಡೋ ಮಾತು ಬಿಡು. ಶೋಗೆ ಸಾವಿರ ಸಿಕ್ಕರೂ 30 ಸಾವಿರ ತೀರಿಸೋಕೆ ಬಡ್ಡಿ ಬಿಟ್ಟೇ ಮೂವತ್ತು ಶೋ ಬೇಕು, ಮಳೆಗಾಲದಲ್ಲಿ ಶೋನೇ ಇರಲ್ಲ, ಬಡ್ಡಿ ಮಾತ್ರ ಓಡ್ತಿರ್ತದೆ.

ಮೊದಲನೇ ಶೋ ಗೊತ್ತಾದ ದಿನವೇ ಸೌಂಡ್‌ನವರಿಗೆ ಫೋನ್ ಹಚ್ಚಿ ಮೂರು ಕೇಳು. ಮಿಕ್ಸರ್‌ನಲ್ಲಿ ನನಗೊಂದು ಮೈಕ್ ಚಾನೆಲ್ ಖಾಲಿ ಇದೆಯಾ? ಫ್ಯಾಂಟಮ್ ಬರ್ತದಾ? ಸ್ಟೇಜ್ ಪೂರ್ತಿಗೆ ಕರೆಂಟ್ ಒಂದೇ ಕಡೆಯಿಂದ ಬರ್ತದಾ, ಅರ್ಥಿಂಗ್ ಹಾಕ್ತೀರಾ? ಮೂರನೇದಕ್ಕೆ ಅವರು ನಕ್ಕರೆ ಮೀಟರ್ ಮರೆಯದೆ ಒಯ್ಯಿ. ಶೋ ಮುಗಿದ ಮೇಲೆ ಎಷ್ಟು ವೋಲ್ಟ್ ತೋರಿಸಿತು ಅಂತ ವಾಯ್ಸ್ ಮೆಸೇಜ್ ಹಾಕು, ಕಾಯ್ತಿರ್ತೀನಿ.